ಅಜ್ಜಿ ಓಲೆಯ ಕೆಂಪು ಹರಳು: ಮಾಣಿಕ್ಯನೋ ಸ್ಪೈನೆಲ್ಲೋ ಹೇಗೆ ಗೊತ್ತಾಗತ್ತೆ?

ಪ್ರಶ್ನೆ: ನಮ್ಮಜ್ಜಿಯ ಹಳೇ ಓಲೆ ಬಿಚ್ಚಿಸಿದಾಗ ಎರಡು ಕೆಂಪು ಹರಳು ಸಿಕ್ಕಿದೆ, ಒಂದೊಂದು ಸುಮಾರು 2 ಕ್ಯಾರೆಟ್ ಇದೆ. ಒಬ್ಬ ಚಿನ್ನದಂಗಡಿಯವರು ಮಾಣಿಕ್ಯ ಅಂದ್ರು, ಇನ್ನೊಬ್ಬರು ಲೂಪ್ (ಪುಟ್ಟ ಭೂತಗನ್ನಡಿ) ಹಾಕಿ ನೋಡಿ ಇದು ಸ್ಪೈನೆಲ್ ಮೇಡಂ, ಅಷ್ಟೇನೂ ಬೆಲೆ ಇಲ್ಲ ಅಂದ್ರು. ಮಗ ಆನ್‌ಲೈನಲ್ಲಿ ಯುವಿ ಟಾರ್ಚ್ ತರಿಸಿ ಬಿಟ್ಟು ನೋಡಿದ, ಎರಡೂ ಕೆಂಡದ ಥರ ಹೊಳೀತು, ಹಾಗಾಗಿ ಮಾಣಿಕ್ಯನೇ ಅಂತಿದಾನೆ. ಸ್ಪೈನೆಲ್ ಅಂದ್ರೆ ನಕಲಿನಾ? ಮನೇಲೇ ಕಂಡುಹಿಡಿಯೋಕಾಗತ್ತಾ? ದಿನಾ ಹಾಕೋ ಉಂಗುರಕ್ಕೆ ಕೂರಿಸಬಹುದಾ?

ಉತ್ತರ: ಮೊದಲು ನಕಲಿ ಅನ್ನೋ ಭಯ ಬಿಡಿ ಮೇಡಂ. ಸ್ಪೈನೆಲ್ ನಕಲಿ ಅಲ್ಲವೇ ಅಲ್ಲ, ಅದು ಭೂಮಿಯಲ್ಲೇ ಹುಟ್ಟೋ ಬೇರೆ ಒಂದು ಖನಿಜ, ತನ್ನದೇ ಹೆಸರು ತನ್ನದೇ ಗುಣ ಇರೋ ರತ್ನ. ನೂರಾರು ವರ್ಷ ಯುರೋಪಿನವರು ಇದನ್ನ ಮಾಣಿಕ್ಯ ಅಂದ್ಕೊಂಡಿದ್ರು, ಬ್ರಿಟಿಷ್ ರಾಜಕಿರೀಟದ ಮುಂಭಾಗದಲ್ಲಿ ಕೂತಿರೋ ಸುಮಾರು 170 ಕ್ಯಾರೆಟ್ಟಿನ 'ಬ್ಲ್ಯಾಕ್ ಪ್ರಿನ್ಸ್ ರೂಬಿ' ಇದೆಯಲ್ಲ, ಅದು ಸ್ಪೈನೆಲ್. ಜಹಾಂಗೀರ್, ಷಹಜಹಾನ್ ತಮ್ಮ ಹೆಸರು ಕೆತ್ತಿಸಿದ 352.5 ಕ್ಯಾರೆಟ್ಟಿನ 'ತೈಮೂರ್ ರೂಬಿ', ಅದೂ ಸ್ಪೈನೆಲ್ಲೇ. ಆಗಿನ ದೊಡ್ಡ ದೊಡ್ಡ ಕಲ್ಲುಗಳು ಬದಖ್ಶಾನ್ ಕಡೆಯ ಗಣಿಗಳಿಂದ, ಅಂದ್ರೆ ಈಗಿನ ತಜಿಕಿಸ್ತಾನದ ಪಾಮೀರ್ ಬೆಟ್ಟಗಳಿಂದ ಬರ್ತಿದ್ವು. 1783ರಲ್ಲಿ ಫ್ರಾನ್ಸಿನ ರೋಮೆ ದ ಲೀಲ್ ಅನ್ನೋ ವಿಜ್ಞಾನಿ ಇವೆರಡೂ ಬೇರೆ ಬೇರೆ ಖನಿಜ ಅಂತ ಬಿಡಿಸಿ ತೋರಿಸಿದ್ರು. ಯುರೋಪಿನ ಅರಮನೆಗಳ ರತ್ನಪರೀಕ್ಷಕರ ಕಣ್ಣಿಗೇ ಕಷ್ಟ ಆದದ್ದು ನಿಮ್ಮೂರಿನ ಅಂಗಡಿಯವರಿಗೆ ಒಂದು ನೋಟದಲ್ಲಿ ಗೊತ್ತಾಗಲಿಲ್ಲ ಅಂದ್ರೆ ಅದು ಅವರ ತಪ್ಪಲ್ಲ, ಆದ್ರೆ ಅಳೆದು ನೋಡದೇ ಖಡಾಖಂಡಿತವಾಗಿ ಹೇಳಿಬಿಟ್ಟದ್ದು ಮಾತ್ರ ಸರಿ ಇಲ್ಲ.

ಯಾಕೆ ಇಷ್ಟು ಹೋಲಿಕೆ ಅಂದ್ರೆ, ಎರಡಕ್ಕೂ ಕೆಂಪು ಬಣ್ಣ ಕೊಡೋದು ಒಂದೇ ವಸ್ತು, ಕ್ರೋಮಿಯಂ. ಮಾಣಿಕ್ಯ ಅಂದ್ರೆ ಕುರುಂದ ಅನ್ನೋ ಖನಿಜ, ಬರೀ ಅಲ್ಯುಮಿನಿಯಂ ಮತ್ತು ಆಕ್ಸಿಜನ್. ಸ್ಪೈನೆಲ್ಲಲ್ಲಿ ಅದರ ಜೊತೆ ಮೆಗ್ನೀಷಿಯಂ ಸೇರಿರತ್ತೆ. ಎರಡೂ ಶುದ್ಧವಾಗಿದ್ರೆ ಬಣ್ಣವೇ ಇರಲ್ಲ, ಅಲ್ಲೊಂದು ಇಲ್ಲೊಂದು ಅಲ್ಯುಮಿನಿಯಂ ಜಾಗಕ್ಕೆ ಕ್ರೋಮಿಯಂ ಬಂದು ಕೂತಾಗ ಅದು ಬೆಳಕಿನಲ್ಲಿರೋ ಹಸಿರು-ಹಳದಿ ಭಾಗ ಮತ್ತೆ ನೇರಳೆ ಭಾಗ ಹೀರ್ಕೊಂಡು ಕೆಂಪನ್ನ ಬಿಟ್ಟುಕೊಡತ್ತೆ. ಬರ್ಮಾದ ಮೊಗೊಕ್ ಕಣಿವೆಯಲ್ಲಂತೂ ಒಂದೇ ಅಮೃತಶಿಲೆ ಪದರದಲ್ಲಿ ಎರಡೂ ಹುಟ್ಟತ್ತೆ, ಕಲ್ಲಲ್ಲಿ ಮೆಗ್ನೀಷಿಯಂ ಸಾಕಷ್ಟು ಸಿಕ್ಕಿದ ಕಡೆ ಸ್ಪೈನೆಲ್ ಆಗತ್ತೆ, ಸಿಗದ ಕಡೆ ಮಾಣಿಕ್ಯ ಆಗತ್ತೆ, ಆಮೇಲೆ ಹೊಳೆ ನೀರು ಎರಡನ್ನೂ ಕೊಚ್ಚಿ ಒಂದೇ ಜಲ್ಲಿಯಲ್ಲಿ ತಂದು ಗುಡ್ಡೆ ಹಾಕತ್ತೆ. ಹಂಗಾಗಿ ಬಣ್ಣ ನೋಡಿ ಇದು ಅದೇ ಅಂತ ಹೇಳೋದು ಆಗದ ಮಾತು. "ಪಾರಿವಾಳದ ರಕ್ತದ ಬಣ್ಣ ಇದೆ, ಆದ್ರಿಂದ ಮಾಣಿಕ್ಯ" ಅಂತ ಯಾರಾದ್ರೂ ಅಂದ್ರೆ ದಯವಿಟ್ಟು ನಂಬಬೇಡಿ, ಒಳ್ಳೇ ಮೊಗೊಕ್ ಸ್ಪೈನೆಲ್ಲಿಗೂ ಅದೇ ಬಣ್ಣ ಬರತ್ತೆ.

ಹಾಗಾದ್ರೆ ವ್ಯತ್ಯಾಸ ಎಲ್ಲಿದೆ? ಪರಮಾಣುಗಳ ಜೋಡಣೆಯಲ್ಲಿದೆ, ಉಳಿದ ವ್ಯತ್ಯಾಸ ಹೆಚ್ಚಿನವು ಅಲ್ಲಿಂದಲೇ ಬರೋದು. ಸ್ಪೈನೆಲ್ ಘನಾಕಾರದ ವ್ಯವಸ್ಥೆಯ ಹರಳು, ಯಾವ ದಿಕ್ಕಿನಿಂದ ಬೆಳಕು ಒಳಗೆ ಹೋದ್ರೂ ಒಂದೇ ವೇಗ, ಒಂದೇ ಬಣ್ಣ. ಮಾಣಿಕ್ಯದ ಹರಳು ಹಾಗಲ್ಲ, ಅದಕ್ಕೆ ಒಂದು ಮುಖ್ಯ ಅಕ್ಷ ಇದೆ, ಸೌದೆ ಸೀಳುವಾಗ ಉದ್ದಕ್ಕೆ ಒಂಥರಾ ಅಡ್ಡಕ್ಕೆ ಒಂಥರಾ ಇರತ್ತಲ್ಲ ಹಾಗೆ ಬೆಳಕಿಗೂ ಆ ಅಕ್ಷದ ಉದ್ದಕ್ಕೆ ಬೇರೆ ಅಡ್ಡಕ್ಕೆ ಬೇರೆ. ಅದರಿಂದ ಮಾಣಿಕ್ಯದೊಳಗೆ ಹೋದ ಬೆಳಕು ಎರಡು ಕಿರಣವಾಗಿ ಒಡೆಯತ್ತೆ, ಎರಡಕ್ಕೂ ವೇಗ ಬೇರೆ, ಬಣ್ಣವೂ ಸ್ವಲ್ಪ ಬೇರೆ. ಒಂದು ಕಿರಣ ನೇರಳೆ ಮಿಶ್ರಿತ ಕೆಂಪು, ಇನ್ನೊಂದು ಕಿತ್ತಳೆ ಮಿಶ್ರಿತ ಕೆಂಪು. ನಮ್ಮ ಕಣ್ಣು ಎರಡನ್ನೂ ಸೇರಿಸಿ ನೋಡೋದ್ರಿಂದ ಒಂದೇ ಕೆಂಪು ಅನ್ಸತ್ತೆ.

ಲ್ಯಾಬಿನವರು ರಿಫ್ರಾಕ್ಟೋಮೀಟರ್ ಅನ್ನೋ ಚಿಕ್ಕ ಉಪಕರಣದ ಮೇಲೆ ಕಲ್ಲಿನ ಚಪ್ಪಟೆ ಮುಖ ಇಟ್ಟು ವಕ್ರೀಭವನ, ಅಂದ್ರೆ ಒಳಗೆ ಹೋದ ಬೆಳಕು ಎಷ್ಟು ಬಾಗತ್ತೆ ಅನ್ನೋದನ್ನ, ಅಳೀತಾರೆ. ಸ್ಪೈನೆಲ್ ಆದ್ರೆ 1.718ರ ಹತ್ರ ಒಂದೇ ಒಂದು ಗೆರೆ, ಕಲ್ಲು ತಿರುಗಿಸಿದ್ರೂ ಅದು ಅಲ್ಲಾಡಲ್ಲ. ಮಾಣಿಕ್ಯ ಆದ್ರೆ 1.762 ಮತ್ತು 1.770ರ ಹತ್ರ ಎರಡು ಗೆರೆ, ತಿರುಗಿಸ್ತಾ ಹೋದ್ರೆ ಒಂದು ಗೆರೆ ಜರುಗತ್ತೆ. ಎರಡು ನಿಮಿಷದ ಕೆಲಸ, ಇಷ್ಟರಲ್ಲೇ ನಿಮ್ಮ ಪ್ರಶ್ನೆಯ ಮುಕ್ಕಾಲು ಭಾಗ ಮುಗೀತು. ಆದ್ರೆ ಈ ಅಂಕಿಯ ವ್ಯತ್ಯಾಸ ಬರಿಗಣ್ಣಿಗೆ ಕಾಣತ್ತಾ ಅಂತ ಕೇಳಿದ್ರೆ ಇಲ್ಲ. ಲೆಕ್ಕ ಹಾಕಿ ನೋಡಿದ್ರೆ ಮೇಲ್ಮೈಗೆ ನೇರವಾಗಿ ಬಿದ್ದ ಬೆಳಕಲ್ಲಿ ಮಾಣಿಕ್ಯ ನೂರಕ್ಕೆ 7.7 ಪಾಲು ವಾಪಸ್ ಕಳಿಸತ್ತೆ, ಸ್ಪೈನೆಲ್ 7.0 ಪಾಲು. ಬಣ್ಣ ಬಿಡಿಸೋ ಗುಣ, ಅದೇ ವಜ್ರದಲ್ಲಿ ಕಾಮನಬಿಲ್ಲಿನ ಕಿಡಿ ಕಾಣತ್ತಲ್ಲ ಅದು, ಮಾಣಿಕ್ಯಕ್ಕೆ 0.018, ಸ್ಪೈನೆಲ್ಲಿಗೆ 0.020, ಎರಡೂ ಕಮ್ಮಿನೇ, ಅದೂ ಕೆಂಪು ಬಣ್ಣದ ಒಳಗೆ ಮುಚ್ಚಿಹೋಗತ್ತೆ. ಹೊಳಪು ಜಾಸ್ತಿ ಇದೆ ಅದಕ್ಕೆ ಮಾಣಿಕ್ಯ ಅನ್ನೋ ಮಾತಿಗೆ ಬೆಲೆ ಕೊಡಬೇಡಿ, ಹೊಳಪು ಕಲ್ಲನ್ನ ಎಷ್ಟು ಚೆನ್ನಾಗಿ ಸಾಣೆ ಹಿಡಿದಿದಾರೆ ಅನ್ನೋದರ ಮೇಲೆ ಇರೋದು.

ಈಗ ಮನೇಲಿ ಮಾಡೋ ಪರೀಕ್ಷೆ. ನಿಮ್ಮ ಮನೇಲಿ ಎಲ್‌ಸಿಡಿ ಸ್ಕ್ರೀನ್ ಇರೋ ಲ್ಯಾಪ್‌ಟಾಪ್ ಇದ್ರೆ ಸಾಕು, ಆ ಸ್ಕ್ರೀನಿಂದ ಬರೋ ಬೆಳಕು ಒಂದೇ ದಿಕ್ಕಿಗೆ ಕಂಪಿಸೋ ಬೆಳಕು, ಧ್ರುವೀಕೃತ ಬೆಳಕು ಅಂತ ಶಾಲೆಯಲ್ಲಿ ಓದಿರ್ತೀರಿ. ಖಾಲಿ ಬಿಳಿ ಪೇಜ್ ತೆರೆದು ಬ್ರೈಟ್‌ನೆಸ್ ಪೂರ್ತಿ ಇಡಿ, ರೂಮಿನ ಲೈಟ್ ಆರಿಸಿ, ಹರಳನ್ನ ಚಿಮುಟದಲ್ಲಿ ಹಿಡಿದು ಸ್ಕ್ರೀನಿಗೂ ಕಣ್ಣಿಗೂ ಮಧ್ಯೆ ಇಟ್ಟು, ಒಂದು ಕಣ್ಣು ಮುಚ್ಚಿ ಹರಳಿನ ಮೂಲಕ ಬರೋ ಬೆಳಕನ್ನ ನೋಡ್ತಾ, ಗಡಿಯಾರದ ಮುಳ್ಳು ತಿರುಗೋ ಹಾಗೆ ಹರಳನ್ನ ನಿಧಾನಕ್ಕೆ ತಿರುಗಿಸಿ. ಮಾಣಿಕ್ಯ ಆಗಿದ್ರೆ ಪ್ರತಿ ಕಾಲು ಸುತ್ತಿಗೆ ಬಣ್ಣ ನೇರಳೆಗೆಂಪಿಂದ ಕಿತ್ತಳೆಗೆಂಪಿಗೆ ವಾಲತ್ತೆ, ಮತ್ತೆ ವಾಪಸ್ ಬರತ್ತೆ. ಸ್ಪೈನೆಲ್ ಆಗಿದ್ರೆ ಎಷ್ಟು ತಿರುಗಿಸಿದ್ರೂ ಅದೇ ಕೆಂಪು. ಇಲ್ಲಿ ತುಂಬಾ ಜನ ಎಡವೋ ಜಾಗ ಒಂದಿದೆ. ಮಾಣಿಕ್ಯದ ಮುಖ್ಯ ಅಕ್ಷದ ಉದ್ದಕ್ಕೇ ನೋಡಿದ್ರೆ ಅದೂ ಒಂದೇ ಬಣ್ಣ ತೋರಿಸತ್ತೆ, ಮತ್ತೆ ಒಳ್ಳೇ ಕುಶಲಕರ್ಮಿಗಳು ಬಣ್ಣ ಚೆನ್ನಾಗಿ ಬರಲಿ ಅಂತ ಸಾಧ್ಯವಾದಾಗೆಲ್ಲ ಹರಳಿನ ಮೇಲ್ಮುಖ ಆ ಅಕ್ಷಕ್ಕೇ ಎದುರಾಗೋ ಹಾಗೆ ಕಟ್ ಮಾಡಿರ್ತಾರೆ. ಹಾಗಾಗಿ ಮೇಲಿಂದ ಮಾತ್ರ ನೋಡಿ ಬಣ್ಣ ಬದಲಾಗಲಿಲ್ಲ, ಸ್ಪೈನೆಲ್ಲೇ ಅಂತ ತೀರ್ಮಾನ ಮಾಡಬೇಡಿ, ಪಕ್ಕದಿಂದ, ಅಂಚಿನಿಂದ, ಓರೆಯಾಗಿ, ಕಡೇ ಪಕ್ಷ ಮೂರು ದಿಕ್ಕಿಂದ ನೋಡಿ. ಒಂದು ದಿಕ್ಕಿನಲ್ಲಾದ್ರೂ ಎರಡು ಬಣ್ಣ ಸ್ಪಷ್ಟವಾಗಿ ಕಂಡ್ರೆ ಅದು ಸ್ಪೈನೆಲ್ ಅಲ್ಲ, ಗಾರ್ನೆಟ್ ಅನ್ನೋ ಇನ್ನೊಂದು ಕೆಂಪು ಕಲ್ಲಲ್ಲ, ಗಾಜೂ ಅಲ್ಲ. ಕೆಂಪು ಟೂರ್ಮಲೀನ್ ಅನ್ನೋ ಕಲ್ಲೊಂದು ಹೀಗೆ ಎರಡು ಬಣ್ಣ ತೋರಿಸತ್ತೆ, ಆದ್ರೆ ಅದು ಮಾಣಿಕ್ಯಕ್ಕಿಂತ ಬಹಳ ಹಗುರ, ತೂಕದ ಪರೀಕ್ಷೇಲಿ ಸಿಕ್ಕಿಬೀಳತ್ತೆ.

ಪೋಲರಾಯ್ಡ್ ಕೂಲಿಂಗ್ ಗ್ಲಾಸ್ ಇದ್ರೆ ಇನ್ನೊಂದೂ ಮಾಡಬಹುದು. ಕನ್ನಡಕವನ್ನ ಸ್ಕ್ರೀನ್ ಮುಂದೆ ತಿರುಗಿಸ್ತಾ ಹೋದ್ರೆ ಒಂದು ಕೋನದಲ್ಲಿ ಸ್ಕ್ರೀನ್ ಕಪ್ಪಾಗತ್ತೆ, ಅಲ್ಲೇ ನಿಲ್ಲಿಸಿ ಮಧ್ಯೆ ಹರಳು ಹಿಡಿದು ತಿರುಗಿಸಿ, ಮಾಣಿಕ್ಯ ಒಂದು ಪೂರ್ತಿ ಸುತ್ತಲ್ಲಿ ನಾಲ್ಕು ಸಲ ಬೆಳಗಿ ನಾಲ್ಕು ಸಲ ಆರತ್ತೆ, ಸ್ಪೈನೆಲ್ ಕಪ್ಪಾಗೇ ಇರತ್ತೆ. ಆದ್ರೆ ಕಟ್ ಮಾಡಿದ ಕಲ್ಲಲ್ಲಿ ಮುಖಗಳಿಂದ ಬೆಳಕು ಪ್ರತಿಫಲಿಸಿ ಗೊಂದಲ ಮಾಡತ್ತೆ, ಒಳಗೆ ಒತ್ತಡ ಇರೋ ಸ್ಪೈನೆಲ್ಲುಗಳೂ ಅಲ್ಲಲ್ಲಿ ಮಸುಕು ಬೆಳಕಿನ ಪಟ್ಟಿ ತೋರಿಸ್ತವೆ, ಅದಕ್ಕೇ ನಾನು ಮೊದಲನೇ ಪರೀಕ್ಷೆಯನ್ನೇ ಹೆಚ್ಚು ನಂಬೋದು.

ಇನ್ನು ನಿಮ್ಮ ಮಗನ ಯುವಿ ಟಾರ್ಚ್ ವಿಷಯ. ಮಗ ಪರೀಕ್ಷೆ ಮಾಡಿ ನೋಡಿದ್ದು ನಂಗೆ ನಿಜಕ್ಕೂ ಖುಷಿ ಆಯ್ತು, ಆದ್ರೆ ಈ ಪರೀಕ್ಷೆಯಿಂದ ಈ ಪ್ರಶ್ನೆಗೆ ಉತ್ತರ ಸಿಗಲ್ಲ. ಕೆಂಡದ ಹೊಳಪು ಬರೋದೂ ಅದೇ ಕ್ರೋಮಿಯಂನಿಂದ, ಯುವಿ ಬೆಳಕನ್ನ ಹೀರಿ ಕೆಂಪು ಬೆಳಕಾಗಿ ಹೊರಗೆ ಬಿಡತ್ತೆ, ಹಂಗಾಗಿ ಕೆಂಪು ಸ್ಪೈನೆಲ್ಲೂ ಹೊಳೆಯತ್ತೆ ಮಾಣಿಕ್ಯವೂ ಹೊಳೆಯತ್ತೆ. 1960ರಲ್ಲಿ ಥಿಯೋಡೋರ್ ಮೈಮನ್ ಜಗತ್ತಿನ ಮೊದಲ ಲೇಸರ್ ಮಾಡಿದ್ದು ಕೃತಕ ಮಾಣಿಕ್ಯದ ಕಡ್ಡಿಯ ಇದೇ ಗುಣ ಬಳಸಿಕೊಂಡು, 694 ನ್ಯಾನೋಮೀಟರಿನ ಆ ಕೆಂಪು ಬೆಳಕೇ ಲೇಸರ್ ಆಗಿ ಬಂದದ್ದು. ಇದಕ್ಕಿಂತ ಮುಖ್ಯವಾದ ಮಾತು ಏನಂದ್ರೆ ಕಬ್ಬಿಣದ ಅಂಶ ಇದ್ರೆ ಈ ಹೊಳಪು ಸತ್ತುಹೋಗತ್ತೆ. ಥಾಯ್ಲೆಂಡಿನ ಅಪ್ಪಟ ನೈಸರ್ಗಿಕ ಮಾಣಿಕ್ಯಗಳು ಕಬ್ಬಿಣ ಜಾಸ್ತಿ ಇರೋದ್ರಿಂದ ಮಂಕಾಗಿ ಕಾಣ್ತವೆ, ಫ್ಯಾಕ್ಟರೀಲಿ ಮಾಡಿದ ಮಾಣಿಕ್ಯದಲ್ಲಿ ಕಬ್ಬಿಣವೇ ಇರಲ್ಲ ಅನ್ನೋಷ್ಟು ಕಮ್ಮಿ, ಅದಕ್ಕೆ ಅದು ಎಲ್ಲರಿಗಿಂತ ಜೋರಾಗಿ ಹೊಳೆಯತ್ತೆ. ಅಂದ್ರೆ ಟಾರ್ಚಿಗೆ ಬಹಳ ಹೊಳೀತು ಅಂದ್ರೆ ಸ್ವಲ್ಪ ಅನುಮಾನ ಪಡಬೇಕು, ಸಂಭ್ರಮ ಪಡೋದಲ್ಲ. ನಿಮ್ಮ ಹರಳು ಹೊಳೆದದ್ದರಿಂದ ಹೆಚ್ಚುಕಮ್ಮಿ ಖಚಿತವಾಗಿ ಹೇಳಬಹುದಾದ್ದು ಒಂದೇ, ಅವು ಗಾರ್ನೆಟ್ ಅಲ್ಲ, ಯಾಕಂದ್ರೆ ಕೆಂಪು ಗಾರ್ನೆಟ್ಟಲ್ಲಿ ಕಬ್ಬಿಣ ಇದ್ದೇ ಇರತ್ತೆ, ಅದು ಹೀಗೆ ಕೆಂಪಾಗಿ ಹೊಳೆಯಲ್ಲ.

ನಂಗೆ ಎಲ್ಲಕ್ಕಿಂತ ಇಷ್ಟವಾದ ಮನೆ ಪರೀಕ್ಷೆ ತೂಕದ್ದು, ಯಾಕಂದ್ರೆ ಅದರಲ್ಲಿ ಕಣ್ಣಿನ ಅಭಿಪ್ರಾಯಕ್ಕೆ ಜಾಗವೇ ಇಲ್ಲ. ಮಾಣಿಕ್ಯದ ಸಾಪೇಕ್ಷ ಸಾಂದ್ರತೆ, ಅಂದ್ರೆ ಅಷ್ಟೇ ಗಾತ್ರದ ನೀರಿನ ಎಷ್ಟು ಪಟ್ಟು ತೂಗತ್ತೆ ಅನ್ನೋ ಅಂಕಿ, 4.00, ಸ್ಪೈನೆಲ್ಲಿದು 3.60, ಅಂದ್ರೆ ಒಂದೇ ಗಾತ್ರದ ಎರಡು ಕಲ್ಲಲ್ಲಿ ಮಾಣಿಕ್ಯ ನೂರಕ್ಕೆ ಹನ್ನೊಂದರಷ್ಟು ಜಾಸ್ತಿ ತೂಗತ್ತೆ. ಮಿಲಿಗ್ರಾಂ ತೋರಿಸೋ ಚಿಕ್ಕ ಡಿಜಿಟಲ್ ತಕ್ಕಡಿ ಬೇಕು, 0.001 ಗ್ರಾಂ ಓದಬೇಕು, 0.01 ಆದ್ರೆ ಆಗಲ್ಲ. ಮೊದಲು ಒಣಗಿದ ಹರಳು ತೂಗಿ ಬರೆದಿಟ್ಕೊಳ್ಳಿ, 2 ಕ್ಯಾರೆಟ್ ಅಂದ್ರೆ 0.400 ಗ್ರಾಂ. ಆಮೇಲೆ ಬಾಟಲಿ ಮುಚ್ಚಳದಂಥ ಹಗುರವಾದ ಪುಟ್ಟ ಬಟ್ಟಲಲ್ಲಿ ನೀರು ಹಾಕಿ ತಕ್ಕಡಿ ಮೇಲಿಟ್ಟು ಸೊನ್ನೆ ಮಾಡಿ, ಹರಳನ್ನ ಒಂದು ಎಳೆ ತೆಳು ನೈಲಾನ್ ದಾರಕ್ಕೆ ಕಟ್ಟಿ ನೀರೊಳಗೆ ಪೂರ್ತಿ ಮುಳುಗೋ ಹಾಗೆ ಇಳಿಬಿಡಿ, ತಳಕ್ಕೂ ಪಕ್ಕಕ್ಕೂ ತಾಗಬಾರದು. ಆಗ ತಕ್ಕಡಿ ತೋರಿಸೋದು ಹರಳು ಜರುಗಿಸಿದ ನೀರಿನ ತೂಕ. ಒಣ ತೂಕವನ್ನ ಇದರಿಂದ ಭಾಗಿಸಿದ್ರೆ ಸಾಂದ್ರತೆ ಬಂತು. 0.400 ಗ್ರಾಂ ಹರಳಿಗೆ ತಕ್ಕಡಿ ನೀರಿನ ತೂಕ 0.100 ಗ್ರಾಂ ತೋರಿಸಿದ್ರೆ ಮಾಣಿಕ್ಯ, 0.111 ತೋರಿಸಿದ್ರೆ ಸ್ಪೈನೆಲ್, ಟೂರ್ಮಲೀನ್ ಆದ್ರೆ 0.130ರ ಹತ್ರ ಹೋಗತ್ತೆ. ವ್ಯತ್ಯಾಸ ಬರೀ 11 ಮಿಲಿಗ್ರಾಂ ಆದ್ರಿಂದ ಫ್ಯಾನ್ ಆರಿಸಿ, ಹರಳಿಗೆ ಗಾಳಿಗುಳ್ಳೆ ಅಂಟದ ಹಾಗೆ ನೀರಿಗೆ ಒಂದು ತೊಟ್ಟು ಪಾತ್ರೆ ತೊಳೆಯೋ ಲಿಕ್ವಿಡ್ ಹಾಕಿ, ಹಲವು ಸಲ ಮಾಡಿ ಸರಾಸರಿ ತೆಗೀರಿ, ಎರಡೂ ಹರಳನ್ನ ಬೇರೆ ಬೇರೆಯಾಗೇ ತೂಗಿ. ಜೊತೆಗಿದ್ದ ಮಾತ್ರಕ್ಕೆ ಎರಡೂ ಒಂದೇ ಜಾತಿ ಅಂತೇನಿಲ್ಲ, ಯಾವತ್ತೋ ಒಂದು ಬಿದ್ದುಹೋಗಿ ಬದಲಿಗೆ ಬೇರೆ ಕೂರಿಸಿರೋ ಓಲೆಗಳು ಬೇಕಾದಷ್ಟು ಇವೆ.

ಗಟ್ಟಿತನಕ್ಕೆ ಬಂದ್ರೆ ಮೋಸ್ ಅಳತೆಯಲ್ಲಿ ಮಾಣಿಕ್ಯ 9, ಸ್ಪೈನೆಲ್ 8. ಗೀರಿ ನೋಡೋ ಪರೀಕ್ಷೆ ಮಾತ್ರ ದಯವಿಟ್ಟು ಮಾಡಬೇಡಿ, ಯಾರಿಗೂ ಮಾಡೋಕೆ ಬಿಡಬೇಡಿ, ಕಲ್ಲು ಹಾಳಾಗತ್ತೆ ಅಷ್ಟೇ. ದಿನಬಳಕೆಯಲ್ಲಿ ರತ್ನಕ್ಕೆ ಶತ್ರು ಅಂದ್ರೆ ಧೂಳಲ್ಲಿರೋ ಮರಳಿನ ಕಣ, ಅದರ ಗಟ್ಟಿತನ 7, ಎರಡೂ ಅದಕ್ಕಿಂತ ಮೇಲಿವೆ. ಹಳೇ ಹರಳಿನ ಅಂಚುಗಳು ಲೂಪಲ್ಲಿ ನೋಡಿದಾಗ ತೀರಾ ಸವೆದು ಗುಂಡಗಾಗಿದ್ರೆ ಅದು ಗಾಜಿರಬಹುದು ಅಂತ ಯೋಚನೆ ಮಾಡಬೇಕು. ನಮ್ಮ ಹಳೇ ಮೈಸೂರು ಸೀಮೆಯಲ್ಲೂ ಕುರುಂದ ಸಿಗತ್ತೆ, ಬಹುಪಾಲು ಬೆಳಕೇ ಹಾಯದ ಮಂದ ಕಲ್ಲು, ಸಾಣೆ ಹಿಡಿಯೋಕೆ ಬಳಸ್ತಿದ್ದದ್ದು, ಕೆಲವನ್ನ ಗುಂಡಗೆ ಉಜ್ಜಿದ್ರೆ ಮೇಲೆ ಆರು ಕಾಲಿನ ನಕ್ಷತ್ರ ಮೂಡತ್ತೆ. ನಿಮ್ಮದು ಪಾರದರ್ಶಕ ಅಂತ ಅನ್ಸೋದ್ರಿಂದ ಆ ಜಾತಿಯದಲ್ಲ.

ಆ ನಕ್ಷತ್ರ ಬರೋದು ರೂಟೈಲ್ ಅನ್ನೋ ಖನಿಜದ ಕೂದಲಿಗಿಂತ ತೆಳು ಸೂಜಿಗಳಿಂದ, ಅವು 60 ಡಿಗ್ರಿ ಕೋನದಲ್ಲಿ ಒಂದನ್ನೊಂದು ದಾಟಿರ್ತವೆ, ಅದನ್ನೇ ರೇಷ್ಮೆ ಅಂತಾರೆ. 10 ಪಟ್ಟು ದೊಡ್ಡದು ತೋರಿಸೋ ಲೂಪಲ್ಲಿ ಈ ರೇಷ್ಮೆ ಕಂಡ್ರೆ ಮಾಣಿಕ್ಯದ ಕಡೆ ವಾಲಬಹುದು. ಸ್ಪೈನೆಲ್ಲಲ್ಲಿ ಅದರ ಬದಲು ಎರಡು ಪಿರಮಿಡ್ ಬುಡಕ್ಕೆ ಬುಡ ಅಂಟಿಸಿದಂಥ ಎಂಟು ಮುಖದ ಚುಕ್ಕೆಗಳು, ಎಷ್ಟೋ ಸಲ ಸಾಲಾಗಿ ಜೋಡಿಸಿಟ್ಟ ಹಾಗೆ ಇರ್ತವೆ, ನೋಡೋಕೆ ತುಂಬಾ ಚಂದ. ನಿಮ್ಮ ಎರಡನೇ ಅಂಗಡಿಯವರು ಬಹುಶಃ ಅದನ್ನೇ ನೋಡಿ ಹೇಳಿದ್ದಿರಬೇಕು, ಹಾಗಿದ್ರೆ ಅವರು ಸರಿಯಾದ ಜಾಗಕ್ಕೇ ನೋಡಿದಾರೆ, ಬೆಲೆ ಇಲ್ಲ ಅಂದದ್ದು ಮಾತ್ರ ಒಪ್ಪೋಕಾಗಲ್ಲ.

ಈಗ ನಿಮಗೆ ನಿಜವಾಗಿ ಹೇಳಬೇಕಾದ ಮಾತು. ಮಾಣಿಕ್ಯನೋ ಸ್ಪೈನೆಲ್ಲೋ ಅನ್ನೋ ಪ್ರಶ್ನೆಗಿಂತ ನೆಲದಲ್ಲಿ ಹುಟ್ಟಿದ್ದೋ ಫ್ಯಾಕ್ಟರೀಲಿ ಆದದ್ದೋ ಅನ್ನೋದು ದೊಡ್ಡದು. ಫ್ರಾನ್ಸಿನ ಅಗಸ್ಟ್ ವೆರ್ನಾಯ್ 1902ರಲ್ಲಿ ಅಲ್ಯುಮಿನಾ ಪುಡಿಯನ್ನ ಜ್ವಾಲೆಯಲ್ಲಿ ಕರಗಿಸಿ ಮಾಣಿಕ್ಯ ಬೆಳೆಸೋ ವಿಧಾನ ಪ್ರಕಟ ಮಾಡಿದ್ರು, ಆಮೇಲೆ ಅದು ಗಡಿಯಾರದ ಬೇರಿಂಗಿಂದ ಹಿಡಿದು ಓಲೆ ಮೂಗುತಿವರೆಗೆ ಎಲ್ಲಾ ಕಡೆ ಬಂತು. ಹಾಗಾಗಿ ಅಜ್ಜಿ ಕಾಲದ್ದು ಅನ್ನೋದು ನೈಸರ್ಗಿಕ ಅನ್ನೋದಕ್ಕೆ ಸಾಕ್ಷಿ ಅಲ್ಲ. ಈ ಫ್ಯಾಕ್ಟರಿ ಕಲ್ಲು ರಸಾಯನಶಾಸ್ತ್ರದ ಲೆಕ್ಕದಲ್ಲಿ ಪೂರ್ತಿ ಮಾಣಿಕ್ಯವೇ, ಸಾಂದ್ರತೆ ಅದೇ, ಎರಡು ಗೆರೆ ಅದೇ, ಎರಡು ಬಣ್ಣ ಅದೇ, ನಾನು ಮೇಲೆ ಹೇಳಿದ ಎಲ್ಲಾ ಪರೀಕ್ಷೆ ಪಾಸಾಗತ್ತೆ. ಹಿಡಿಯೋದು ಒಳಗೆ ನೋಡಿ ಮಾತ್ರ: ನೈಸರ್ಗಿಕ ಕಲ್ಲಲ್ಲಿ ಬೆಳವಣಿಗೆ ಗೆರೆಗಳು ನೇರ, ಕೋನ ಕೋನವಾಗಿರತ್ತೆ, ಇದರಲ್ಲಿ ಬಾಗಿದ ಗೆರೆಗಳು, ಜೊತೆಗೆ ಗುಂಡನೆಯ ಗಾಳಿಗುಳ್ಳೆಗಳು. ಒಂದೂ ಕಲೆ ಇಲ್ಲದ, ಅಪ್ಪಟ ಕೆಂಪಿನ, ಟಾರ್ಚಿಗೆ ಉರಿಯೋ ಹಳೇ ಹರಳು ಅಂದ್ರೆ ನಂಗೆ ಮೊದಲ ಅನುಮಾನ ಇದೇ.

ಸ್ಪೈನೆಲ್ಲನ್ನೂ ಇದೇ ವಿಧಾನದಲ್ಲಿ ಮಾಡ್ತಾರೆ, ಆದ್ರೆ ಕೆಂಪು ಸ್ಪೈನೆಲ್ ಹೀಗೆ ಬೆಳೆಸೋದು ಕಷ್ಟ, ಬಿರುಕು ಬಿಡತ್ತೆ, ಅದಕ್ಕೆ ಹಳೇ ಒಡವೆಯಲ್ಲಿ ಕೆಂಪು ಸ್ಪೈನೆಲ್ ಅಂತ ಖಚಿತವಾದ್ರೆ ನೈಸರ್ಗಿಕ ಆಗಿರೋ ಸಂಭವವೇ ಜಾಸ್ತಿ. ಸ್ಪೈನೆಲ್ಲನ್ನ ಕಾಸಿ ಬಣ್ಣ ತಿದ್ದೋ ಪದ್ಧತಿಯೂ ಕಮ್ಮಿ, ಮಾಣಿಕ್ಯದಲ್ಲಿ ಕಾಸೋದು ಮಾಮೂಲು. 2004ರ ಸುಮಾರಿಗೆ ಸೀಸದ ಗಾಜು ತುಂಬಿದ ಮಾಣಿಕ್ಯ ಬೇರೆ ಮಾರ್ಕೆಟ್ಟಿಗೆ ಬಂತು, ಬಿರುಕು ಬಿಟ್ಟ ಕಳಪೆ ಕಲ್ಲಿಗೆ ಗಾಜು ಇಳಿಸಿ ಪಾರದರ್ಶಕ ಮಾಡೋದು, ನಿಂಬೆರಸ ತಾಗಿದ್ರೂ ಆ ಗಾಜು ಕೊರೆದುಹೋಗತ್ತೆ. ಹೊಸ ಉಂಗುರಕ್ಕೋ ನವರತ್ನಕ್ಕೋ ಮಾಣಿಕ್ಯ ಕೊಳ್ಳೋರು ಹುಷಾರಾಗಿರಬೇಕಾದ್ದು ಇದರ ಬಗ್ಗೆ, ಸ್ಪೈನೆಲ್ ಬಗ್ಗೆ ಅಲ್ಲ.

ಇನ್ನೊಂದು ಸಣ್ಣ ವಿಷಯ. ಹಳೇ ಓಲೆಗಳಲ್ಲಿ ಹರಳಿನ ಹಿಂಭಾಗ ಮುಚ್ಚಿ ಒಳಗೆ ಕೆಂಪು ಬೇಗಡೆ ಇಡ್ತಿದ್ರು, ಹಾಗಾಗಿ ಬಿಚ್ಚಿದ ಮೇಲೆ ಬಣ್ಣ ತೆಳುವಾಗಿ ಕಂಡ್ರೆ ಯಾರೋ ಹರಳು ಬದಲಾಯಿಸಿಬಿಟ್ರು ಅಂತ ಅಂದ್ಕೋಬೇಡಿ.

ಬೆಲೆ ಬಗ್ಗೆ ಹೇಳ್ಬೇಕಂದ್ರೆ ಮಾಣಿಕ್ಯದ ಎತ್ತರಕ್ಕೆ ಸ್ಪೈನೆಲ್ ಹೋಗಲ್ಲ ನಿಜ, 2023ರಲ್ಲಿ ಮೊಜಾಂಬಿಕ್ಕಿನ 55.22 ಕ್ಯಾರೆಟ್ ಮಾಣಿಕ್ಯ ನ್ಯೂಯಾರ್ಕಲ್ಲಿ ಸುಮಾರು 3 ಕೋಟಿ 48 ಲಕ್ಷ ಡಾಲರಿಗೆ ಹೋಯ್ತು. ಆದ್ರೆ 2015ರಲ್ಲಿ ಲಂಡನ್ನಲ್ಲಿ 50.13 ಕ್ಯಾರೆಟ್ಟಿನ ಹೋಪ್ ಸ್ಪೈನೆಲ್ 9,62,500 ಪೌಂಡಿಗೆ ಹೋಗಿದ್ದೂ ಉಂಟು. ಒಳ್ಳೇ ಬಣ್ಣದ, ಕಾಸದ 2 ಕ್ಯಾರೆಟ್ ಕೆಂಪು ಸ್ಪೈನೆಲ್ ಗಾಜು ತುಂಬಿದ ಮಾಣಿಕ್ಯಕ್ಕಿಂತ ಎಷ್ಟೋ ಪಟ್ಟು ಬೆಲೆ ಬಾಳತ್ತೆ, ಕೃತಕ ಮಾಣಿಕ್ಯದ ಜೊತೆಗಂತೂ ಹೋಲಿಸೋದೇ ಬೇಡ.

ಮನೆ ಪರೀಕ್ಷೆ ಮುಗಿದ ಮೇಲೆ ಮಾರೋ ಮೊದಲು ಅಥವಾ ಉಂಗುರ ಮಾಡಿಸೋ ಮೊದಲು ಎರಡನ್ನೂ ಒಂದು ಸ್ವತಂತ್ರ ಲ್ಯಾಬಿಗೆ ಕೊಡಿ, ಹರಳು ಮಾರೋ ಅಂಗಡಿಯ ಸ್ವಂತ ಸರ್ಟಿಫಿಕೇಟ್ ಬೇಡ. ರಿಪೋರ್ಟಲ್ಲಿ ಖನಿಜದ ಹೆಸರು, ನೈಸರ್ಗಿಕವೋ ಕೃತಕವೋ, ಕಾಸಿದ್ದಾರಾ, ಗಾಜು ತುಂಬಿದ್ದಾರಾ ಇಷ್ಟೂ ಬರೆದಿರಬೇಕು ಅಂತ ಮೊದಲೇ ಹೇಳಿ. ಅವರು ಬೆಳಕನ್ನ ಬಣ್ಣ ಬಣ್ಣವಾಗಿ ಬಿಡಿಸಿ ತೋರಿಸೋ ಸ್ಪೆಕ್ಟ್ರೋಸ್ಕೋಪಲ್ಲೂ ನೋಡ್ತಾರೆ, ಮಾಣಿಕ್ಯ ಆದ್ರೆ ನೀಲಿ ಭಾಗದಲ್ಲಿ 476 ಮತ್ತು 468 ನ್ಯಾನೋಮೀಟರ್ ಹತ್ರ ತೆಳು ಕಪ್ಪು ಗೆರೆಗಳು ಕಾಣ್ತವೆ, ಸ್ಪೈನೆಲ್ಲಲ್ಲಿ ಅವು ಇರಲ್ಲ. ಅಲ್ಲಿಗೆ ವಾದಕ್ಕೆ ಜಾಗವೇ ಉಳಿಯಲ್ಲ.

ಉಂಗುರಕ್ಕೆ ಧಾರಾಳವಾಗಿ ಕೂರಿಸಿ, ಎರಡರಲ್ಲಿ ಯಾವುದಾದ್ರೂ ದಿನಬಳಕೆಗೆ ತಡೆಯತ್ತೆ. ಹಿಂಭಾಗ ತೆರೆದಿಟ್ಟು ಕೊಕ್ಕೆಗಳಲ್ಲಿ ಹರಳು ಹಿಡಿಯೋ ಹಾಗೆ ಕೂರಿಸಿದ್ರೆ ಬೆಳಕು ಚೆನ್ನಾಗಿ ಆಡತ್ತೆ. ಮುಂದೆ ಯಾವಾಗಾದ್ರೂ ಉಂಗುರದ ಅಳತೆ ಬದಲಾಯಿಸೋಕೋ ಬೆಸುಗೆಗೋ ಕೊಟ್ರೆ ಅಕ್ಕಸಾಲಿಗರಿಗೆ ಹರಳು ಬಿಚ್ಚಿಟ್ಟೇ ಬೆಂಕಿ ಹಿಡೀರಿ ಅಂತ ಗಟ್ಟಿಯಾಗಿ ಹೇಳಿ, ಬೆಸುಗೆಗೆ ಹಾಕೋ ಬಿಳಿಗಾರ ಕಾದಾಗ ಮಾಣಿಕ್ಯದ ಮೇಲ್ಮೈಯನ್ನೂ ತಿಂದುಹಾಕತ್ತೆ, ಆಮೇಲೆ ಮತ್ತೆ ಪಾಲಿಶ್ ಮಾಡಿಸಿ ತೂಕ ಕಳ್ಕೊಳ್ಳೋದೊಂದೇ ದಾರಿ.